ಜೋಳ ಬಿತ್ತಿರಿ ಅನ್ನುವವರು ಮೊದಲು ಜೋಳ ಕೊಳ್ಳಲಿ

ಸಿರಿಗೇರಿಯ ಚಹಾದಂಗಡಿ ಮುಂದೆ ಐದು ನಿಮಿಷ ಕುಂತರೆ ಸಾಕು, ಈ ವರ್ಷದ ಸುದ್ದಿ ಏನಂತ ಗೊತ್ತಾಗುತ್ತದೆ. ಎರಡನೇ ಬೆಳೆಗೆ ನೀರಿಲ್ಲ. ತುಂಗಭದ್ರಾ ಅಣೆಕಟ್ಟೆಯ ಕ್ರಸ್ಟ್ ಗೇಟುಗಳನ್ನು ಬದಲಿಸಬೇಕು, ಅದಕ್ಕಾಗಿ 2025-26ರ ಎರಡನೇ ಬೆಳೆಗೆ ಕಾಲುವೆ ನೀರು ಬಿಡುವುದಿಲ್ಲ ಅಂತ ತೀರ್ಮಾನವಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ಗೇಟು ಬದಲಿಸಬೇಡಿ ಅಂತ ಯಾವ ರೈತನೂ ಹೇಳುವುದಿಲ್ಲ.

ಆದರೆ ನೀರು ನಿಂತ ಕೂಡಲೇ ಉಪದೇಶ ಶುರುವಾಗುತ್ತದೆ. ನಮ್ಮ ತಕರಾರು ಇರುವುದು ಅದರ ಮೇಲೆ.

ಭತ್ತ ಬಿಡಿ, ಜೋಳ ಬಿತ್ತಿ, ಕಡಲೆ ಬಿತ್ತಿ. ರಾಸಾಯನಿಕ ಬಿಡಿ, ಜೀವಾಮೃತ ಮಾಡಿ. ಇಂಥದ್ದೊಂದು ತರಬೇತಿಗೆ ನಾವು ವರದಿ ಮಾಡಲು ಹೋಗಿದ್ದೆವು. ಶಾಮಿಯಾನ, ಬ್ಯಾನರ್, ಇನ್ನೂರು ಲೀಟರಿನ ನೀಲಿ ಡ್ರಮ್ಮು. ಹತ್ತು ಕಿಲೋ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ಕಡಲೆ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಕಲೆಸಿ ತೋರಿಸಿದರು. ಹಿಂದಿನ ಸಾಲಿನಲ್ಲಿ ಕುಂತಿದ್ದ ಹಿರಿಯರೊಬ್ಬರು ಎದ್ದು ನಿಂತರು.

"ಸರ, ಜೋಳ ಬಿತ್ತಲ್ಲ ಅನ್ನಲ್ಲ ನಾವು. ಬಿತ್ತೀವಿ. ತಗಳ್ಳಾರು ಯಾರು? ಅದನ್ನ ಮದ್ಲು ಹೇಳ್ರಿ."

ಉತ್ತರ ಬರಲಿಲ್ಲ. ಊಟಕ್ಕೆ ಕರೆದರು. ಎಲೆಗೆ ಬಂದದ್ದು ಪಲಾವು, ಅನ್ನ, ಸಾಂಬಾರು. ಜೋಳದ ಬಗ್ಗೆ ಎರಡು ತಾಸು ಮಾತಾಡಿದವರ ಊಟದಲ್ಲಿ ಒಂದು ರೊಟ್ಟಿ ಇರಲಿಲ್ಲ.

ಆ ಹಿರಿಯರ ಪ್ರಶ್ನೆಯನ್ನೇ ನಾವು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ನಮ್ಮ ಮಾತು ಇಷ್ಟೇ: ಒಳ್ಳೆ ಬೇಸಾಯ ಯಾವುದು ಅಂತ ಸಿರಿಗೇರಿ ರೈತನಿಗೆ ಗೊತ್ತಿಲ್ಲದ್ದೇನಲ್ಲ. ತೊಡಕು ಇರುವುದು ಖರೀದಿ ಕೇಂದ್ರದಲ್ಲಿ, ಪಡಿತರ ಅಂಗಡಿಯಲ್ಲಿ, ಪಹಣಿಯಲ್ಲಿ. ಆ ಮೂರು ಕಡೆ ಏನನ್ನೂ ಸರಿ ಮಾಡದೆ ಹೊಲಕ್ಕೆ ಬಂದು ಬುದ್ಧಿ ಹೇಳುವುದು ಮೋಸ.

ಕಾಲುವೆ ಬಂದದ್ದು ಭತ್ತಕ್ಕಲ್ಲ

ನಮ್ಮ ಸೀಮೆಯ ಹಳೇ ಅಡುಗೆ ಮನೆ ನೋಡಬೇಕಾದರೆ ತೆಕ್ಕಲಕೋಟೆ ಗುಡ್ಡ ಹತ್ತಬೇಕು. ತೆಕ್ಕಲಕೋಟೆ, ಕುರುಗೋಡು, ಬಳ್ಳಾರಿ ಹತ್ತಿರದ ಸಂಗನಕಲ್ಲು, ಇಲ್ಲೆಲ್ಲ ಹೊಸ ಶಿಲಾಯುಗದ ಜನ ಬದುಕಿದ್ದರು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ಇಂಥ ಗುಡ್ಡಗಳಲ್ಲಿ ಅಗೆದ ಪುರಾತತ್ವದವರಿಗೆ ಬೂದಿ ಮಣ್ಣಿನಲ್ಲಿ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆಯಂಥ ಸಣ್ಣ ಧಾನ್ಯದ ಸುಟ್ಟ ಕಾಳುಗಳು. ಜೋಳ ಆಮೇಲೆ ಬಂತು, ಬಂದು ಎರೆ ಹೊಲವನ್ನೆಲ್ಲ ತನ್ನದು ಮಾಡಿಕೊಂಡಿತು.

ಭತ್ತ ಇರಲೇ ಇಲ್ಲ ಅಂತ ನಾವು ಹೇಳುವುದಿಲ್ಲ. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ವಿಜಯನಗರ ಕಾಲದವು. ಹೊಳೆ ದಂಡೆಯಲ್ಲಿ ನೆಲ್ಲು ಇತ್ತು. ದಂಡೆ ಬಿಟ್ಟು ಒಳಗೆ ಬಂದರೆ ಜೋಳ, ಹತ್ತಿ, ನವಣೆ, ಕಡಲೆ, ಕುಸುಬೆ. ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ. ಮನೆಗೆ ಬೇಕಾದ ಕಾಳು, ಎಣ್ಣೆ, ದನಕ್ಕೆ ಸೊಪ್ಪೆ, ಎಲ್ಲವೂ ಅದೇ ಹೊಲದ್ದು.

1953ರಲ್ಲಿ ಅಣೆಕಟ್ಟೆ ನೀರು ಹರಿಯಿತು. ಆಗ ಹಾಕಿದ ಲೆಕ್ಕ ಏನಿತ್ತು? ಬರಗಾಲದ ಸೀಮೆಗೆ ನೀರನ್ನು ತೆಳ್ಳಗೆ ಹರಡಬೇಕು, ಹೆಚ್ಚು ಹೊಲಕ್ಕೆ ಸ್ವಲ್ಪ ಸ್ವಲ್ಪ ಕೊಡಬೇಕು, ಜೋಳ, ಹತ್ತಿ, ಶೇಂಗಾ ಒಣಗದಂತೆ ಕಾಯಬೇಕು. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಆ ಲೆಕ್ಕ ಕಾಗದದಲ್ಲಿ ಉಳಿಯಿತು. ಕಾಲುವೆ ತಲೆಭಾಗದಲ್ಲಿ ಗದ್ದೆ ಕಟ್ಟಿದರು, ನೀರು ಅಲ್ಲೇ ನಿಂತಿತು, ಕೊನೆಭಾಗದವರು ತೂಬಿನ ಮುಂದೆ ರಾತ್ರಿ ಕಾಯುವುದಾಯಿತು. ಇವತ್ತಿಗೂ ಕಾಯುತ್ತಿದ್ದಾರೆ.

ಅತ್ತ ಜಲಾಶಯದ ಹೊಟ್ಟೆಯಲ್ಲಿ ಹೂಳು ತುಂಬಿತು. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105.78. ಇತ್ತ ಹೊಲದಲ್ಲಿ ವರ್ಷಕ್ಕೆ ಎರಡು ಸಲ ನೀರು ನಿಲ್ಲಿಸಿ ನಿಲ್ಲಿಸಿ ಎರೆ ಮಣ್ಣು ಸವಳಾಯಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು, ಜೌಗು ಹಿಡಿದ ಭೂಮಿ ಸುಮಾರು 96 ಸಾವಿರ ಹೆಕ್ಟೇರ್ ಅನ್ನುವುದು ಕೃಷಿ ವಿಜ್ಞಾನಿಗಳೇ ಹೇಳುವ ಅಂಕಿ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಎದ್ದ ಹೊಲ ನೋಡಿದವರಿಗೆ ಅಂಕಿ ಬೇಕಾಗಿಲ್ಲ.

ಹಾಗಾದರೆ ಭತ್ತ ಬೆಳೆದವನು ದಡ್ಡನೇ?

ಅಲ್ಲ. ಇದನ್ನು ಒಪ್ಪದೆ ಮುಂದೆ ಹೋದರೆ ಮಾತು ವ್ಯರ್ಥ.

ಭತ್ತಕ್ಕೆ ಕೊಳ್ಳುವವರಿದ್ದಾರೆ. ಮಿಷನ್ ಗದ್ದೆಗೆ ಇಳಿದು ಕೊಯ್ದ ದಿನವೇ ವ್ಯಾಪಾರಿಯ ಲಾರಿ ಬದುವಿಗೆ ಬಂದು ನಿಲ್ಲುತ್ತದೆ. 75 ಕಿಲೋ ಚೀಲದ ಲೆಕ್ಕ, ಅಲ್ಲೇ ತೂಕ. ರೇಟು ಏರಬಹುದು, ಇಳಿಯಬಹುದು, ಮಾಲು ಮಾತ್ರ ಉಳಿಯುವುದಿಲ್ಲ. ಗೊಬ್ಬರದಂಗಡಿಯವರು ಸಾಲ ಕೊಡುವುದು ಭತ್ತ, ಮೆಣಸಿನಕಾಯಿ ನೋಡಿ. ಹೊಲದ ಮಾಲೀಕ ಗುತ್ತಿಗೆ ಕೇಳುವುದೂ ಭತ್ತದ ಲೆಕ್ಕದಲ್ಲೇ, ಎಕರೆಗೆ ಇಷ್ಟು ಚೀಲ. ಚೀಲದಲ್ಲಿ ಗುತ್ತಿಗೆ ಒಪ್ಪಿಕೊಂಡವನು ನವಣೆ ಬಿತ್ತಿ ಏನು ಅಳೆಯಬೇಕು?

ಈ ಸೀಮೆಯಲ್ಲಿ ಹೆಂಚಿನ ಮನೆ ಆರ್‌ಸಿಸಿ ಆದದ್ದು, ಮಕ್ಕಳು ಬಳ್ಳಾರಿಯ ಕಾಲೇಜು ಕಂಡದ್ದು ಭತ್ತದಿಂದ, ಮೆಣಸಿನಕಾಯಿಯಿಂದ. ಅದನ್ನು ಮರೆತು ರೈತನಿಗೆ ಭೂಮಿತಾಯಿಯ ಪಾಠ ಹೇಳುವುದು ಹೊಟ್ಟೆ ತುಂಬಿದವರ ಕೆಲಸ.

ಹಾಗಂತ ಆ ದಾರಿಯೂ ಸುಖದ್ದಲ್ಲ. 2021-22ರಲ್ಲಿ ಕಪ್ಪು ಥ್ರಿಪ್ಸ್ ಬಂದು ಮೆಣಸಿನ ಹೂವೆಲ್ಲ ಉದುರಿತು. ಎಷ್ಟು ಸಲ ಔಷಧ ಹೊಡೆದರೂ ಬಗ್ಗಲಿಲ್ಲ. ಬೆಳೆ ಚೆನ್ನಾಗಿ ಬಂದ ವರ್ಷ ರೇಟು ಬಿತ್ತು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದ ಸಿಟ್ಟಿಗೆ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಅಲ್ಲಿಗೆ ಮಾಲು ಒಯ್ಯುವವರಲ್ಲಿ ನಮ್ಮ ಬಳ್ಳಾರಿ ಸೀಮೆಯವರೂ ಇದ್ದಾರೆ. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಅಂಗಡಿ ಮುಂದೆ ಬೆಳಗಿನ ಜಾವ ಚಪ್ಪಲಿ ಸಾಲು ಇಟ್ಟದ್ದನ್ನು ನಾವೇ ಫೋಟೊ ತೆಗೆದಿದ್ದೇವೆ. 45 ಕಿಲೋ ಚೀಲದ ಬೆಲೆ 266 ರೂಪಾಯಿ 50 ಪೈಸೆ. ಆ ಬೆಲೆಗೆ ಸಿಕ್ಕವರು ಪುಣ್ಯವಂತರು.

ಹಾಗಾಗಿ ರೈತನಿಗೆ ಬೇರೆ ದಾರಿ ಬೇಡ ಅನ್ನುವುದು ಸುಳ್ಳು. ಬೇರೆ ದಾರಿಯಲ್ಲಿ ಕಾಲಿಟ್ಟವನನ್ನು ನಡುದಾರಿಯಲ್ಲಿ ಬಿಟ್ಟು ಹೋಗುತ್ತಾರೆ ಅನ್ನುವುದು ಅವನ ಅನುಭವ.

ಕಾಗದದಲ್ಲಿ ಜೋಳವೇ ಗೆದ್ದಿದೆ

ಒಂದು ಲೆಕ್ಕ ನೋಡಿ. 2025-26ಕ್ಕೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಹೈಬ್ರಿಡ್ ಜೋಳಕ್ಕೆ 3,699. ಮಾಲ್ದಂಡಿ ಜೋಳಕ್ಕೆ 3,749. ಕ್ವಿಂಟಲಿಗೆ ಜೋಳಕ್ಕೇ 1,330 ರೂಪಾಯಿ ಜಾಸ್ತಿ. ಎಕರೆ ಇಳುವರಿ ಭತ್ತದ್ದೇ ಹೆಚ್ಚು, ಒಪ್ಪೋಣ. ಆದರೆ ಜೋಳಕ್ಕೆ ನೀರು ಕಡಿಮೆ, ಗೊಬ್ಬರ ಕಡಿಮೆ, ಔಷಧ ಕಡಿಮೆ, ಮೇಲೆ ಸೊಪ್ಪೆ ಬೇರೆ. ಈ ರೇಟು ನಿಜವಾಗಿ ಕೈಗೆ ಬಂದರೆ ಎರಡನೇ ಬೆಳೆಗೆ ಜೋಳ ಬಿತ್ತಿ ಅಂತ ಯಾರೂ ಭಾಷಣ ಮಾಡಬೇಕಾಗಿಲ್ಲ.

ಕೈಗೆ ಬರುತ್ತದೆಯೇ? ನಮ್ಮ ಗುಂಪಿನ ಗೆಳೆಯರೊಬ್ಬರ ಮನೆಯಲ್ಲಿ ಹಿಂದೊಮ್ಮೆ ಕಾಲುವೆ ನೀರು ಬಂದ ವರ್ಷವೇ ಎರಡನೇ ಬೆಳೆಗೆ ಭತ್ತ ಬಿಟ್ಟು ಜೋಳ ಹಾಕಿದರು. ಬೆಳೆ ಚೆನ್ನಾಗಿ ಬಂತು. ರಾಶಿ ಮುಗಿದರೂ ಖರೀದಿ ಕೇಂದ್ರ ತೆರೆಯಲಿಲ್ಲ. ತೆರೆದಾಗ ಗೋಣಿಚೀಲ ಇಲ್ಲ. ಚೀಲ ಬಂದಾಗ ಗೋದಾಮು ತುಂಬಿದೆ. ಗೋದಾಮು ಖಾಲಿಯಾದಾಗ ಕಾಳು ಕಪ್ಪಾಗಿದೆ ಅಂದರು. ಟ್ರ್ಯಾಕ್ಟರ್ ಬಾಡಿಗೆ ದಿನದ ಮೇಲೆ ದಿನ ಏರಿತು. ಕೊನೆಗೆ ಅರ್ಧ ಮಾಲನ್ನು ವ್ಯಾಪಾರಿ ಕೇಳಿದ ರೇಟಿಗೆ ಕೊಟ್ಟು ಬಂದರು. ಮಿಕ್ಕಿದ್ದರ ದುಡ್ಡು ಖಾತೆಗೆ ಬರುವಷ್ಟರಲ್ಲಿ ಮುಂದಿನ ಮುಂಗಾರು ಬಿತ್ತನೆ ಮುಗಿದಿತ್ತು. ಆ ಮನೆಯವರು ಮರುವರ್ಷ ಏನು ಹಾಕಿದರು ಅಂತ ಕೇಳಬೇಡಿ. ನೀವೂ ಅದನ್ನೇ ಹಾಕುತ್ತಿದ್ದಿರಿ.

ಅವರದು ಸ್ವಂತ ಹೊಲ, ಆದ್ದರಿಂದ ಅಷ್ಟಾದರೂ ಆಯಿತು. ಗುತ್ತಿಗೆ ರೈತನ ಗತಿ ಏನು? ಬೆಂಬಲ ಬೆಲೆಗೆ ಮಾರಬೇಕಾದರೆ ಫ್ರೂಟ್ಸ್ ಐಡಿ ಬೇಕು. ಆ ಐಡಿ ಪಹಣಿಗೆ ಜೋಡಣೆಯಾಗಿರುತ್ತದೆ. ಪಹಣಿ ಮಾಲೀಕನ ಹೆಸರಲ್ಲಿ. ಮಾಲೀಕ ಬಳ್ಳಾರಿಯಲ್ಲೋ ಬೆಂಗಳೂರಲ್ಲೋ ಇರುತ್ತಾನೆ. ಉತ್ತು, ಬಿತ್ತಿ, ಕಳೆ ತೆಗೆದವನ ಹೆಸರು ಸರ್ಕಾರದ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಬೆಳೆ ಪರಿಹಾರ ಬಂದರೂ ಮಾಲೀಕನ ಖಾತೆಗೆ. ಅಂಥವನಿಗೆ "ಸುಸ್ಥಿರ ಕೃಷಿ ಮಾಡು, ಮೂರು ವರ್ಷದಲ್ಲಿ ಮಣ್ಣು ಸುಧಾರಿಸುತ್ತದೆ" ಅಂದರೆ ಅವನು ನಗುತ್ತಾನೆ. ಮುಂದಿನ ಯುಗಾದಿಗೆ ಆ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಬೇರೆಯವರ ಮಣ್ಣಿಗೆ ಹಸಿರೆಲೆ ಗೊಬ್ಬರ ಯಾಕೆ ಹಾಕಬೇಕು?

ಅಕ್ಕಿ ಸಿಗದ ವರ್ಷ ಕಲಿಯಬಹುದಾಗಿದ್ದ ಪಾಠ

2023ರ ಜೂನ್ ನೆನಪಿದೆಯೇ? ಅನ್ನಭಾಗ್ಯಕ್ಕೆ ಹೆಚ್ಚುವರಿ 5 ಕಿಲೋ ಅಕ್ಕಿ ಕೊಡುತ್ತೇವೆ ಅಂತ ರಾಜ್ಯ ಸರ್ಕಾರ ಹೇಳಿತು. ಕೇಂದ್ರದ ಆಹಾರ ನಿಗಮ ಅಕ್ಕಿ ಮಾರುವುದಿಲ್ಲ ಅಂದಿತು. ರಾಜ್ಯದವರು ಅಕ್ಕಿಗಾಗಿ ಬೇರೆ ಬೇರೆ ರಾಜ್ಯಗಳ ಬಾಗಿಲು ಬಡಿದರು. ಸಿಗದೆ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಅದೇ ವರ್ಷವನ್ನು ಜಗತ್ತೇ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸುತ್ತಿತ್ತು. ನಗರಗಳಲ್ಲಿ ಮೇಳ ನಡೆದವು, ನವಣೆ ಬಿಸ್ಕತ್ತು, ಸಜ್ಜೆ ಐಸ್‌ಕ್ರೀಮು ಮಾರಾಟವಾದವು.

2013ರ ಆಹಾರ ಭದ್ರತಾ ಕಾಯ್ದೆ ಪಡಿತರದಲ್ಲಿ ಅಕ್ಕಿ, ಗೋಧಿ ಜೊತೆ ಒರಟು ಧಾನ್ಯಕ್ಕೂ ಜಾಗ ಕೊಟ್ಟಿದೆ. ಜೋಳ ಕೊಡಲು ಕಾನೂನು ಅಡ್ಡಿ ಇಲ್ಲ. ಬೆಂಬಲ ಬೆಲೆಗೆ ಕೊಂಡ ಜೋಳವನ್ನು ಕೆಲವೇ ತಿಂಗಳಲ್ಲಿ ಹಂಚಿ ಮುಗಿಸಬೇಕು ಅಂತ ಮೊದಲು ನಿಯಮ ಇತ್ತು. 2021ರ ಡಿಸೆಂಬರಿನಲ್ಲಿ ಅದನ್ನು ಕೇಂದ್ರ 9 ತಿಂಗಳಿಗೆ ಏರಿಸಿತು. ಆ ನೆಪವೂ ಹೋಯಿತು. ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಕೆಲವು ತಿಂಗಳು ಪಡಿತರದಲ್ಲಿ ಜೋಳ ಬಂದದ್ದೂ ಉಂಟು. ಬಂದದ್ದಕ್ಕೆ ಸಂತೋಷ. ಆದರೆ ಒಂದು ತಿಂಗಳು ಬಂದು ಮತ್ತೊಂದು ತಿಂಗಳು ಮಾಯವಾದರೆ, ಬಂದಾಗಲೂ ಹುಳ ಬಿದ್ದಿದ್ದರೆ, ಮನೆಯವರು "ಅಕ್ಕೀನೇ ಕೊಡ್ರಪ್ಪ" ಅನ್ನದೆ ಇನ್ನೇನು ಮಾಡುತ್ತಾರೆ? ಆಮೇಲೆ ಕಡತದಲ್ಲಿ ಬರೆಯುತ್ತಾರೆ: ಜನರಿಗೆ ಜೋಳ ಬೇಡವಾಗಿದೆ.

ಜನರಿಗೆ ಜೋಳ ಬೇಡವಾದದ್ದಕ್ಕೆ ಇನ್ನೊಂದು ಕಾರಣ ಇದೆ. ಗಂಡಸರು ಅದನ್ನು ಮಾತಾಡುವುದಿಲ್ಲ. ದಿನವೆಲ್ಲ ಮೆಣಸಿನಕಾಯಿ ಬಿಡಿಸಿ ಕೈ ಉರಿ ಹತ್ತಿಸಿಕೊಂಡು ಸಂಜೆ ಮನೆಗೆ ಬರುವ ಹೆಣ್ಣುಮಗಳು ಒಲೆ ಮುಂದೆ ಕುಂತು ಇಪ್ಪತ್ತು ರೊಟ್ಟಿ ಬಡಿಯಬೇಕು. ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದರೆ ಮೂರು ಸೀಟಿ. ಅವಳು ಅಕ್ಕಿ ಆರಿಸಿದ್ದರಲ್ಲಿ ಏನು ತಪ್ಪು? ಜೋಳ ತಿನ್ನಿ, ಗಟ್ಟಿಯಾಗಿ ಅಂತ ವೇದಿಕೆ ಮೇಲೆ ಹೇಳುವ ಯಾರೂ ರೊಟ್ಟಿ ಬಡಿಯುವವರಲ್ಲ. ಊರಿಗೊಂದು ರೊಟ್ಟಿ ಮಿಷನ್ ಮಹಿಳಾ ಸಂಘದ ಕೈಗೆ ಕೊಟ್ಟರೆ ನೂರು ಭಾಷಣ ಮಾಡದ ಕೆಲಸ ಆಗುತ್ತದೆ.

ಬೀದರ್ ಗಡಿ ಆಚೆ ಮಾಡಿ ತೋರಿಸಿದ್ದಾರೆ

ಇದೆಲ್ಲ ಆಗದ ಮಾತು ಅನ್ನುವವರಿಗೆ ಒಂದು ಊರಿನ ಹೆಸರು ಹೇಳುತ್ತೇವೆ. ಬೀದರ್ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅಲ್ಲಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ ಒಂದು ಸಂಸ್ಥೆ. ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್, ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು, ಮೊದಲು ನಮ್ಮ ಹಾಗೇ ಪತ್ರಕರ್ತರು, ದೂರದರ್ಶನದಲ್ಲಿ ಕೆಲಸ ಮಾಡಿದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು.

ಅಲ್ಲಿನ ಮಹಿಳಾ ಸಂಘಗಳು, ಹೆಚ್ಚಿನವರು ದಲಿತ ಹೆಣ್ಣುಮಕ್ಕಳು, 1990ರ ದಶಕದ ನಡುವಿನಲ್ಲಿ ತಮ್ಮದೇ ಪಡಿತರ ಶುರು ಮಾಡಿದರು. ಅದು ನಡೆದದ್ದು ಹೀಗೆ. ಬೀಳು ಬಿದ್ದ ಸಣ್ಣ ಹಿಡುವಳಿಗೆ ಉಳುಮೆ, ಗೊಬ್ಬರ, ಬೀಜಕ್ಕೆ ಸಾಲ ಕೊಡುವುದು. ಸಾಲವನ್ನು ದುಡ್ಡಿನಲ್ಲಿ ತೀರಿಸುವ ಹಾಗಿಲ್ಲ, ಕೆಲವು ವರ್ಷ ಕಂತಿನಲ್ಲಿ ಜೋಳ ಕೊಡಬೇಕು. ಆ ಜೋಳವನ್ನು ಊರಲ್ಲೇ ಕೂಡಿಡುವುದು. ಮಳೆಗಾಲದಲ್ಲಿ ಕಾಳು ಮುಗಿದ ಮನೆಗಳಿಗೆ ಕಡಿಮೆ ಬೆಲೆಗೆ ಕೊಡುವುದು. ಯಾವ ಮನೆ ಬಡವರದು ಅಂತ ಊರವರೇ ಕುಂತು ಗುರುತು ಮಾಡುವುದು. ಬೆಳೆದವರೂ ಅಲ್ಲಿನವರೇ, ತಿಂದವರೂ ಅಲ್ಲಿನವರೇ. ಬೀಜವನ್ನೂ ಅವರೇ ಬುಟ್ಟಿಯಲ್ಲಿ ಬೂದಿ, ಬೇವಿನ ಸೊಪ್ಪು ಹಾಕಿ ಕಾಪಾಡಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು.

ಅಲ್ಲಿ ಮೊದಲು ಆದದ್ದು ಏನು ಗಮನಿಸಿ. ಬೆಳೆದರೆ ಯಾರು ತಗೊಳ್ಳುತ್ತಾರೆ ಅನ್ನುವುದು ಮೊದಲೇ ಗಟ್ಟಿಯಾಗಿತ್ತು. ನಮ್ಮ ಹಿರಿಯರು ಶಾಮಿಯಾನದಲ್ಲಿ ಕೇಳಿದ್ದೂ ಅದನ್ನೇ.

ನಾವೂ ತಪ್ಪು ಮಾಡಿದ್ದೇವೆ

ಇಷ್ಟು ಹೇಳಿ ನಮ್ಮನ್ನು ಬಿಟ್ಟುಕೊಂಡರೆ ನ್ಯಾಯವಲ್ಲ. "ಸಾವಯವದಲ್ಲಿ ಲಕ್ಷ ಎಣಿಸಿದ ರೈತ" ಅಂತ ಬರೆದವರಲ್ಲಿ ನಾವೂ ಇದ್ದೇವೆ. ಹೋದೆವು, ಹಸಿರು ಹೊಲದಲ್ಲಿ ನಿಲ್ಲಿಸಿ ಫೋಟೊ ತೆಗೆದೆವು, ಬಂದೆವು. ಖರ್ಚು ಎಷ್ಟು, ಮಾರಿದ್ದು ಎಲ್ಲಿ, ಮನೆಯಲ್ಲಿ ಬೇರೆ ಆದಾಯ ಇದೆಯೇ ಅಂತ ಕೇಳಲಿಲ್ಲ. ಹೀಗೆ ಬರೆದ ಒಬ್ಬರ ಊರಿಗೆ ಎರಡು ವರ್ಷ ಬಿಟ್ಟು ಬೇರೆ ಕೆಲಸಕ್ಕೆ ಹೋದಾಗ ಗದ್ದೆಯಲ್ಲಿ ಭತ್ತ ನಿಂತಿತ್ತು. ನಮ್ಮ ಸುದ್ದಿಯನ್ನು ಫ್ರೇಮ್ ಹಾಕಿಸಿ ಗೋಡೆಗೆ ಹಚ್ಚಿದ್ದರು. "ಪೇಪರ್‌ನಾಗ ಬಂದಿದ್ದು ಚಲೋ ಆತ್ರಿ. ಬ್ಯಾಂಕಿನೋರು ಅದನ್ನ ತಗಳಲ್ಲ" ಅಂದರು. ಆವತ್ತು ಅವರು ಕೊಟ್ಟ ಚಹಾ ನಮಗೆ ಇಳಿಯಲಿಲ್ಲ.

ನಾವು ಸಹಜ ಕೃಷಿಯ ವಿರೋಧಿಗಳಲ್ಲ. ಒಂದೇ ದಿನದಲ್ಲಿ ಎಲ್ಲ ಬಿಡಿ ಅನ್ನುವವರ ವಿರೋಧಿಗಳು. ಶ್ರೀಲಂಕಾದಲ್ಲಿ 2021ರಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರವನ್ನು ಏಕ್‌ದಮ್ ನಿಷೇಧಿಸಿತು. ಭತ್ತ ಬಿತ್ತು, ಚಹಾ ಬಿತ್ತು, ಅದೇ ವರ್ಷ ನವೆಂಬರಿನಲ್ಲಿ ಆದೇಶ ಹಿಂದಕ್ಕೆ ತೆಗೆದುಕೊಂಡರು. ಪಕ್ಕದ ಆಂಧ್ರದಲ್ಲಿ 2016ರಿಂದ ಬೇರೆ ರೀತಿ ನಡೆದಿದೆ. ಮಹಿಳಾ ಸಂಘಗಳ ಮೂಲಕ, ಊರಲ್ಲೇ ಇರುವ ರೈತರನ್ನೇ ಕಲಿಸುವವರನ್ನಾಗಿ ಮಾಡಿ, ವರ್ಷಗಟ್ಟಲೆ ಜೊತೆಗೆ ನಿಂತು ಹೆಜ್ಜೆ ಹೆಜ್ಜೆಯಾಗಿ ಬದಲಿಸುವ ದಾರಿ ಅದು. ನಮ್ಮಲ್ಲಿ ಅದನ್ನೇ ಒಂದು ಡ್ರಮ್ಮು, ಒಂದು ದಿನದ ತರಬೇತಿ ಮಾಡಿಬಿಟ್ಟಿದ್ದೇವೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್ನಿಗೆ 2,481 ಕೋಟಿ ರೂಪಾಯಿ ಇದೆ. ಅದರಲ್ಲಿ ನಮ್ಮ ಹೋಬಳಿಗೆ ಬರುವುದು ಬ್ಯಾನರ್ ಮಾತ್ರವೋ, ಕೈ ಹಿಡಿದು ನಡೆಸುವ ಜನವೋ ಅಂತ ಕೇಳುವ ಹಕ್ಕು ನಮಗಿದೆ.

ಕೇಳಬೇಕಾದದ್ದು ಇಷ್ಟು

ಮೊದಲ ಬೆಳೆ ಭತ್ತ ಇರಲಿ. ಅದನ್ನು ಕಿತ್ತುಕೊಳ್ಳಿ ಅಂತ ನಾವು ಹೇಳುವುದಿಲ್ಲ. ಎರಡನೇ ಬೆಳೆಯಿಂದ ಶುರು ಮಾಡೋಣ. ಈ ವರ್ಷ ಗೇಟಿನ ಕಾರಣಕ್ಕೆ ಕಾಲುವೆ ನಿಂತಿದೆ. ನಾಳೆ ಹೂಳಿನ ಕಾರಣಕ್ಕೆ, ಮಳೆ ಕಾರಣಕ್ಕೆ ನಿಲ್ಲುತ್ತದೆ. ವರ್ಷಕ್ಕೆ ಎರಡು ಭತ್ತದ ಕಾಲ ಮುಗಿಯುತ್ತಿದೆ ಅಂತ ಮನಸ್ಸಿನಲ್ಲಿ ಎಲ್ಲರಿಗೂ ಗೊತ್ತಿದೆ.

ಒಂದು, ಜೋಳ, ಕಡಲೆ ಎಷ್ಟು ಕೊಳ್ಳುತ್ತೇವೆ, ಎಲ್ಲಿ ಕೊಳ್ಳುತ್ತೇವೆ ಅಂತ ಬಿತ್ತುವ ಮೊದಲೇ ಹೇಳಲಿ. ರಾಶಿ ಆಗುವ ವಾರದಲ್ಲೇ ಕೇಂದ್ರ ತೆರೆಯಲಿ, ಹೋಬಳಿಗೊಂದು.

ಎರಡು, ಇಲ್ಲಿ ಕೊಂಡ ಜೋಳ ಇಲ್ಲಿನ ಪಡಿತರಕ್ಕೆ ತಿಂಗಳು ತಪ್ಪದೆ ಬರಲಿ. ಹಾಸ್ಟೆಲ್ ಮಕ್ಕಳ ತಟ್ಟೆಗೆ, ಅಂಗನವಾಡಿಗೆ ಬರಲಿ.

ಮೂರು, ಗುತ್ತಿಗೆ ರೈತನಿಗೆ ಒಂದು ಗುರುತಿನ ಚೀಟಿ ಕೊಡಿ. ಮಾಲೀಕನ ಹಕ್ಕಿಗೆ ಧಕ್ಕೆ ಬೇಡ, ಬೆಳೆದವನು ಮಾರುವ ಹಕ್ಕು ಸಾಕು.

ನಾಲ್ಕು, ಕಾಲುವೆ ನಿಂತ ಹೊಲಕ್ಕೆ ಡಯಂಚ, ಸೆಣಬಿನ ಬೀಜ ಹದ ಇರುವಾಗ ಸಿಗಲಿ. ಹದ ಹೋದ ಮೇಲೆ ಬಂದ ಬೀಜ ಗೋದಾಮಿನ ಇಲಿಗೆ.

ಐದು, ಊರಿಗೊಂದು ರೊಟ್ಟಿ ಮಿಷನ್.

ಓದುಗರಿಗೆ ನಮ್ಮ ಕೋರಿಕೆ ಒಂದೇ. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ "ಜೋಳ ಬಿತ್ತಿ" ಅಂದರೆ ಎದ್ದು ನಿಂತು "ತಗಳ್ಳಾರು ಯಾರು?" ಅಂತ ಕೇಳಿ. ಉತ್ತರ ಏನೇ ಬರಲಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದ ಪುಟವನ್ನು ಫೋಟೊ ತೆಗೆದು ನಮಗೆ ಕಳಿಸಿ. ಉತ್ತರ ಕೊಡದೆ ಊಟಕ್ಕೆ ಎಬ್ಬಿಸಿದರೆ ಅದನ್ನೂ ಬರೆದು ಕಳಿಸಿ. ಹಾಕುವುದು ನಮ್ಮ ಕೆಲಸ. ಈ ಸಲ ಎರಡು ವರ್ಷ ಬಿಟ್ಟು ಮತ್ತೆ ಬಂದು ಕೇಳುವುದೂ ನಮ್ಮ ಕೆಲಸ.